ಕಣ್ಣಿಲ್ಲದೆ ಲೆಕ್ಕ ಮಾಡಿದ ಆಯ್ಲರ್



ಈ ಸಲದ ಗೋಡೆ ಪತ್ರಿಕೆಗೆ ನಾನು ಮಹಾನ್ ಗಣಿತಜ್ಞರಾದ ಲಿಯೊನಾರ್ಡ್ ಆಯ್ಲರ್ ಅವರ ಬಗ್ಗೆ ಬರೆದಿದ್ದೇನೆ. ಅವರು 1707ನೇ ಇಸವಿ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಊರಲ್ಲಿ ಹುಟ್ಟಿದರು. ತಂದೆಯವರು ಚರ್ಚಿನ ಪಾದ್ರಿ. ಮಗನೂ ಪಾದ್ರಿ ಆಗಬೇಕು ಅಂತ ಅವರ ಆಸೆ ಇತ್ತು. ಆದರೆ ಯೊಹಾನ್ ಬರ್ನೌಲಿ ಎಂಬ ಗುರುಗಳು ಹುಡುಗನ ಜಾಣತನ ಕಂಡು ತಂದೆಯವರನ್ನು ಒಪ್ಪಿಸಿದರು. 1727ರಲ್ಲಿ, 20 ವರ್ಷದವರಿದ್ದಾಗ, ಆಯ್ಲರ್ ರಷ್ಯಾ ದೇಶಕ್ಕೆ ಹೋಗಿ ಕೆಲಸಕ್ಕೆ ಸೇರಿದರು.

ಆಗ ಕೋನಿಗ್ಸ್‌ಬರ್ಗ್ ಎಂಬ ಪಟ್ಟಣ ಇತ್ತು. ಈಗ ಅದಕ್ಕೆ ಕಲಿನಿನ್‌ಗ್ರಾದ್ ಅಂತಾರೆ. ನಮ್ಮೂರಿಗೆ ಭೀಮಾ ಹೊಳಿ ಇದ್ದಂಗ ಅಲ್ಲಿ ಪ್ರೆಗೆಲ್ ಹೊಳಿ. ಹೊಳಿಯಿಂದ ಊರು 4 ತುಂಡಾಗಿ 7 ಸೇತುವೆ ಇದ್ದವು. ಒಂದೊಂದು ಸೇತುವೆಯನ್ನು ಒಂದೇ ಸಲ ದಾಟಿ ಏಳನ್ನೂ ಮುಗಿಸಬಹುದೇ ಅಂತ ಜನ ಕೇಳುತ್ತಿದ್ದರು. ಆಯ್ಲರ್ 1735ರಲ್ಲಿ ಉತ್ತರ ಕೊಟ್ಟರು. ಮನೆ, ಬಜಾರ, ದಾರಿ ಎಷ್ಟು ಉದ್ದ, ಎಲ್ಲಾ ಬಿಟ್ಟರು. ಊರಿನ 4 ತುಂಡಿಗೆ 4 ಅಕ್ಷರ ಇಟ್ಟು ಸೇತುವೆ ಎಣಿಸಿದರು. ಒಂದು ಕಡೆ 5, ಉಳಿದ ಕಡೆ 3-3. ಒಂದರಿಂದ ಬಂದು ಇನ್ನೊಂದರಿಂದ ಹೋಗಬೇಕಾದರೆ ಸೇತುವೆ ಜೋಡಿ ಜೋಡಿ ಇರಬೇಕು. ಶುರು ಮಾಡುವ ಮತ್ತು ಮುಗಿಸುವ ಜಾಗಕ್ಕೆ ಮಾತ್ರ ಬೆಸ ನಡೆಯುತ್ತದೆ. ಇಲ್ಲಿ ನಾಲ್ಕೂ ಬೆಸ, ಅದಕ್ಕೇ ಸಾಧ್ಯವೇ ಇಲ್ಲ! ಆದರೆ ಯಾವುದಾದರೂ ಒಂದು ಸೇತುವೆ ತೆಗೆದರೆ ಸಾಧ್ಯ. ನಾನು ಪಾಟಿಯ ಮೇಲೆ ಚಿತ್ರ ತೆಗೆದು ನೋಡಿದೆ, ಖರೇ ಬಂತು.

ಅವರು ಹಾಕಿದ ಈ ಬೀಜ ಇಂದು ಕಂಪ್ಯೂಟರ್ ಲೆಕ್ಕದ ತನಕ ಬೆಳೆದಿದೆ. ಒಂದು ಲೆಕ್ಕ ನೋಡ್ರಿ. ಓಣಿಗಳು ಕೂಡುವ ಮೂಲೆಗೆ ಲೈಟಿನ ಕಂಬ ಹಾಕಿದರೆ ಅಲ್ಲಿಗೆ ಬರುವ ಎಲ್ಲಾ ಓಣಿಗೂ ಬೆಳಕು. ಇರುವುದು 3 ಕಂಬ. ಊರಿಗೆಲ್ಲಾ ಸಾಕಾದೀತೇ? ಒಂದು ಮೂಲೆಗೆ 4 ಓಣಿ ಕೂಡಿದ್ದರೆ ಅಲ್ಲಿ ಕಂಬ ಬೇಕೇ ಬೇಕು. ಇಲ್ಲದಿದ್ದರೆ ಆ ಓಣಿಗಳ ಆಚೆ ತುದಿಗೆ 4 ಕಂಬ ಬೇಕಾಗುತ್ತವೆ. ಅಲ್ಲಿ ಕಂಬ ಹಾಕಿ, ಆ ಮೂಲೆಯನ್ನೂ ಅದರ ಓಣಿಗಳನ್ನೂ ಚಿತ್ರದಿಂದ ಅಳಿಸಬೇಕು. ಈಗ ಉಳಿದದ್ದು 2 ಕಂಬ. ಇನ್ನು 3 ಓಣಿ ಕೂಡುವ ಮೂಲೆ ಎಲ್ಲೂ ಇಲ್ಲ ಅನ್ನೋಣ. ಆಗ 2 ಕಂಬದಿಂದ ಹೆಚ್ಚೆಂದರೆ 4 ಓಣಿಗೆ ಬೆಳಕು. 4ಕ್ಕಿಂತ ಹೆಚ್ಚು ಓಣಿ ಉಳಿದಿದ್ದರೆ ಆಗುವುದಿಲ್ಲ. ಕಡಿಮೆ ಇದ್ದರೆ ಕೈಯಿಂದಲೇ ನೋಡಬಹುದು. ಹೀಗೆ ದೊಡ್ಡ ಲೆಕ್ಕದಲ್ಲಿ ಉಳಿಯುವ ಚಿಕ್ಕ ಲೆಕ್ಕಕ್ಕೆ ಕರ್ನೆಲ್, ಅಂದರೆ ತಿರುಳು ಎನ್ನುತ್ತಾರೆ.

ಆಯ್ಲರ್ ಅವರಿಗೆ ಕಷ್ಟ ಬಹಳ ಬಂದವು. 13 ಮಕ್ಕಳಲ್ಲಿ 5 ಮಕ್ಕಳು ಮಾತ್ರ ಬದುಕಿ ದೊಡ್ಡವರಾದರು. 1738ರ ಹೊತ್ತಿಗೆ ಬಲಗಣ್ಣು ಹೋಯಿತು. 1741ರಿಂದ 25 ವರ್ಷ ಬರ್ಲಿನ್‌ನಲ್ಲಿದ್ದು 1766ರಲ್ಲಿ ರಷ್ಯಾಕ್ಕೆ ಮರಳಿದರು. ಆಮೇಲೆ ಎಡಗಣ್ಣೂ ಪೊರೆ ಬಂದು ಹೋಯಿತು. 1771ರಲ್ಲಿ ಮನೆಗೆ ಬೆಂಕಿ ಹತ್ತಿದಾಗ ಒಬ್ಬರು ಅವರನ್ನು ಹೊತ್ತು ಹೊರಗೆ ತಂದು ಉಳಿಸಿದರು. ಆದರೂ ಅವರು ಲೆಕ್ಕ ಬಿಡಲಿಲ್ಲ. ತಲೆಯಲ್ಲೇ ಲೆಕ್ಕ ಮಾಡಿ ಹೇಳುತ್ತಿದ್ದರು, ಮಗ ಮತ್ತು ಶಿಷ್ಯರು ಬರೆದುಕೊಳ್ಳುತ್ತಿದ್ದರು. ಅವರ ಬರಹಗಳು 800ಕ್ಕೂ ಹೆಚ್ಚು. 1783ನೇ ಸೆಪ್ಟೆಂಬರ್ 18ರಂದು ಅವರು ತೀರಿಕೊಂಡರು.

ಬೇಡಾದದ್ದು ಬಿಟ್ಟು ತಿರುಳು ಹಿಡಿದರೆ ಎಂಥಾ ದೊಡ್ಡ ಲೆಕ್ಕವೂ ತಲೆಯಾಗ ಹಿಡಿಸತದ ಅಂತ ಇವರಿಂದ ನನಗೆ ತಿಳೀತು. ನೀವೂ ನಿಮ್ಮ ನಿಮ್ಮ ಓಣಿಗಳ ಚಿತ್ರ ತೆಗೆದು ಎಷ್ಟು ಕಂಬ ಸಾಕು ಅಂತ ಹುಡುಕಿರಿ. ಉತ್ತರ ಬಂದವರು ಈ ಪತ್ರಿಕೆಯ ಪಕ್ಕ ಅಂಟಿಸಿರಿ.

– 7ನೇ ತರಗತಿ, ದೇವಣಗಾಂವ