ವಿಲಿಯಮ್ಸರ ಕೊಳವೆ, ನಿಮ್ಮ ಮನೆಯ ರ‍್ಯಾಮ್

ಮಕ್ಕಳ ಪಾಠಕ್ಕೆಂದು ಕೊಂಡ ಹಳೆಯ ಲ್ಯಾಪ್‌ಟಾಪ್ ತೆವಳುತ್ತಿದೆಯೇ? ಅಂಗಡಿಯವರು ರ‍್ಯಾಮ್ ಹಾಕಿಸಿ ಅನ್ನುತ್ತಿದ್ದಾರೆಯೇ? ದುಡ್ಡು ಕೊಡುವ ಮೊದಲು ಫ್ರೆಡೆರಿಕ್ ವಿಲಿಯಮ್ಸರ ಕಥೆ ಕೇಳಿ.

ಅವರು ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನ ರೊಮಿಲಿಯಲ್ಲಿ. ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿ, 1946ರ ಕೊನೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಗ ಲೆಕ್ಕ ಮಾಡುವ ಯಂತ್ರಗಳಿದ್ದವು. ಥಟ್ಟನೆ ಬರೆದು ಥಟ್ಟನೆ ಓದಿಕೊಳ್ಳುವಷ್ಟು ನೆನಪು ಅವಕ್ಕಿರಲಿಲ್ಲ. ವಿಲಿಯಮ್ಸ್ ಹಳೆಯ ಟಿವಿಯಲ್ಲಿರುತ್ತಿದ್ದಂಥ ಗಾಜಿನ ಕೊಳವೆಯ ಪರದೆಯ ಮೇಲೆ ವಿದ್ಯುತ್ ಚುಕ್ಕಿಗಳನ್ನಿಟ್ಟರು. ಚುಕ್ಕಿ ಕ್ಷಣದಲ್ಲೇ ಅಳಿಸಿಹೋಗುತ್ತಿತ್ತು. ಅಳಿಯುವ ಮುಂಚೆ ಓದಿ ಮತ್ತೆ ಬರೆಯುವುದೇ ಅವರು ಕಂಡ ದಾರಿ. ಮಗ್ಗಿ ಮರೆಯದಂತೆ ಮಕ್ಕಳು ಒಪ್ಪಿಸುತ್ತಲೇ ಇರುತ್ತಾರಲ್ಲ, ಹಾಗೆ. ಈ ನೆನಪನ್ನು ಪರೀಕ್ಷಿಸಲೆಂದು ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಜೊತೆ ಸೇರಿ ಕಟ್ಟಿದ ‘ಬೇಬಿ’ ಯಂತ್ರ 1948ರ ಜೂನ್ 21ರಂದು ತನ್ನ ನೆನಪಿನಲ್ಲಿದ್ದ ಪ್ರೋಗ್ರಾಮನ್ನು ನಡೆಸಿತು. ಅದರ ನೆನಪು ಬರೀ 1024 ಬಿಟ್, ಅಂದರೆ 128 ಬೈಟ್. ಇಂದಿನ ಯೂನಿಕೋಡಿನಲ್ಲಿ ಕನ್ನಡದ ಒಂದು ಪುಟ್ಟ ವಾಕ್ಯಕ್ಕಷ್ಟೇ ಜಾಗ!

ಆಮೇಲೆ ಅವರು ವಿದ್ಯುತ್ ಮೋಟಾರುಗಳತ್ತ ಹೊರಳಿದರು. 1977ರಲ್ಲಿ ತೀರಿಕೊಂಡರು.

ನಿಮ್ಮ ರ‍್ಯಾಮ್ ಚಿಪ್ ಬೇರೆಯದಾದರೂ ಪಾಡು ಅದೇ: ಮತ್ತೆ ಮತ್ತೆ ಬರೆದುಕೊಳ್ಳುತ್ತಿರಬೇಕು, ಕರೆಂಟು ಹೋದರೆ ಖಾಲಿ. ಫೋಟೊ, ಪಾಠದ ಪುಸ್ತಕ ಉಳಿಯುವುದು ಡಿಸ್ಕಿನಲ್ಲಿ. ಅದು ತುಂಬಿದ್ದರೆ ರ‍್ಯಾಮ್ ಹಾಕಿಸಿ ಫಲವಿಲ್ಲ. ಮಗು ಓದುವಾಗ ತೆರೆದಿಡುವುದನ್ನೆಲ್ಲ ತೆರೆದಿಟ್ಟು, ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ನೋಡಿ. ಅರ್ಧ ಖಾಲಿಯಿದ್ದರೆ ದುಡ್ಡು ಉಳಿಸಿ. ಸದಾ ತುಂಬಿ ತುಳುಕುತ್ತಿದ್ದರೆ ಹಾಕಿಸಿ. ಆದರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿರುತ್ತಾರೆ, ಮೊದಲೇ ಕೇಳಿಕೊಳ್ಳಿ.