ಹಿರೋಬುಮಿ ದೈಮತ್ಸು

ಹಿರೋಬುಮಿ ದೈಮತ್ಸು (ಫೆಬ್ರವರಿ 12, 1921 – ನವೆಂಬರ್ 24, 1978) ಜಪಾನಿನ ವಾಲಿಬಾಲ್ ತರಬೇತುದಾರ ಹಾಗೂ ರಾಜಕಾರಣಿ. 1962ರ ವಿಶ್ವ ಚಾಂಪಿಯನ್‌ಶಿಪ್ ಮತ್ತು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ ಜಪಾನಿನ ಮಹಿಳಾ ತಂಡವನ್ನು ರೂಪಿಸಿದವರು ಇವರೇ. ಆ ತಂಡವು 'ಪೂರ್ವದೇಶದ ಮಾಟಗಾತಿಯರು' ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ತರಬೇತಿಯ ಕಾಠಿಣ್ಯಕ್ಕಾಗಿ ದೈಮತ್ಸು ಅವರಿಗೆ 'ರಾಕ್ಷಸ ದೈಮತ್ಸು' ಎಂಬ ಅಡ್ಡಹೆಸರು ಅಂಟಿಕೊಂಡಿತು. ಅವರ ವಿಧಾನವು ಕ್ರೀಡಾ ತರಬೇತಿಗೆ ಮಾದರಿಯೋ ಅಥವಾ ಎಚ್ಚರಿಕೆಯೋ ಎಂಬ ಚರ್ಚೆ ಅವರ ಜೀವಿತಕಾಲದಲ್ಲಿಯೇ ಆರಂಭವಾಯಿತು.

ಆರಂಭಿಕ ಜೀವನ ಮತ್ತು ಯುದ್ಧ

ದೈಮತ್ಸು ಅವರು ಶಿಕೊಕು ದ್ವೀಪದ ಕಗಾವಾ ಪ್ರಾಂತ್ಯದ ಉತಾಜು ಎಂಬ ಊರಿನಲ್ಲಿ ಜನಿಸಿದರು. ಕ್ವಾನ್ಸೈ ಗಕುಯಿನ್ ಶಿಕ್ಷಣ ಸಂಸ್ಥೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ವಾಲಿಬಾಲ್ ಆಟಗಾರರಾಗಿದ್ದರು. 1941ರಲ್ಲಿ ವ್ಯಾಸಂಗ ಮುಗಿಸಿ ದೈ ನಿಪ್ಪೊನ್ ಬೊಸೆಕಿ ಎಂಬ ದೊಡ್ಡ ನೂಲಿನ ಗಿರಣಿ ಕಂಪನಿಯನ್ನು ಸೇರಿದರು. ಈ ಕಂಪನಿಯನ್ನು ಸಂಕ್ಷಿಪ್ತವಾಗಿ ನಿಚಿಬೊ ಎಂದು ಕರೆಯಲಾಗುತ್ತಿತ್ತು. ಕೆಲಸಕ್ಕೆ ಸೇರಿದ ಸ್ವಲ್ಪ ಕಾಲದಲ್ಲಿಯೇ ಅವರನ್ನು ಸೇನೆಗೆ ಕರೆಸಿಕೊಳ್ಳಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಅವರು ಹಲವು ರಣರಂಗಗಳಲ್ಲಿ ಸೇವೆ ಸಲ್ಲಿಸಿ, ಕೊನೆಗೆ ಬರ್ಮಾ ತಲುಪಿದರು. 1944ರಲ್ಲಿ ಜಪಾನ್ ಸೇನೆಯು ಆಜಾದ್ ಹಿಂದ್ ಫೌಜಿನ ತುಕಡಿಗಳೊಡನೆ ಮಣಿಪುರದತ್ತ ನಡೆಸಿದ ಇಂಫಾಲ ಕಾರ್ಯಾಚರಣೆಯಲ್ಲಿ ಅವರು ಭಾಗಿಯಾಗಿದ್ದರು. ಆಹಾರ ಸರಬರಾಜಿನ ಸರಿಯಾದ ವ್ಯವಸ್ಥೆಯಿಲ್ಲದೆ ಆರಂಭವಾದ ಆ ದಂಡಯಾತ್ರೆಯಲ್ಲಿ ಗುಂಡಿಗಿಂತ ಹಸಿವು ಮತ್ತು ರೋಗಕ್ಕೆ ಬಲಿಯಾದ ಜಪಾನೀ ಸೈನಿಕರೇ ಹೆಚ್ಚು. ಬದುಕಿ ಉಳಿದವರಲ್ಲಿ ದೈಮತ್ಸು ಒಬ್ಬರು. ಯುದ್ಧ ಮುಗಿದ ಮೇಲೆ ಬ್ರಿಟಿಷರ ಸೆರೆಯಲ್ಲಿದ್ದು, ಅನಂತರ ತಾಯ್ನಾಡಿಗೆ ಮರಳಿ ಹಳೆಯ ಕಂಪನಿಯಲ್ಲಿಯೇ ಕೆಲಸ ಮುಂದುವರಿಸಿದರು. ಮನುಷ್ಯನು ತನ್ನ ಮಿತಿಯೆಂದು ಭಾವಿಸುವ ಗೆರೆಯು ನಿಜವಾದ ಮಿತಿಯಲ್ಲ ಎಂಬ ಅವರ ದೃಢನಂಬಿಕೆಗೆ ಈ ಅನುಭವವೇ ಮೂಲವೆಂದು ಬಹುತೇಕ ಬರಹಗಾರರು ಗುರುತಿಸುತ್ತಾರೆ. ಆದರೆ ಅದೇ ನಂಬಿಕೆಯ ಮೇಲೆ ಇಂಫಾಲದಲ್ಲಿ ಸಾವಿರಾರು ಜನರನ್ನು ಸಾವಿಗೆ ದೂಡಲಾಗಿತ್ತು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ನಿಚಿಬೊ ಕೈಜುಕಾ ತಂಡ

ಯುದ್ಧಾನಂತರದ ಜಪಾನಿನಲ್ಲಿ ನೂಲಿನ ಗಿರಣಿಗಳು ಗ್ರಾಮೀಣ ಪ್ರದೇಶದ ಸಾವಿರಾರು ಯುವತಿಯರಿಗೆ ಉದ್ಯೋಗ ನೀಡಿದ್ದವು. ಅವರಲ್ಲಿ ಹೆಚ್ಚಿನವರು ಕಂಪನಿಯ ವಸತಿನಿಲಯಗಳಲ್ಲಿಯೇ ವಾಸಿಸುತ್ತಿದ್ದರು. ಹೆಚ್ಚು ಸಲಕರಣೆ ಬೇಡದ, ಗಿರಣಿಯ ಅಂಗಳದಲ್ಲಿಯೇ ಆಡಬಹುದಾದ ವಾಲಿಬಾಲ್ ಅವರ ನಡುವೆ ಬಲುಬೇಗ ಜನಪ್ರಿಯವಾಯಿತು. ಗಿರಣಿ ಗಿರಣಿಗಳ ನಡುವೆ ಪಂದ್ಯಗಳು ನಡೆಯುತ್ತಿದ್ದವು. 1950ರ ದಶಕದ ಮೊದಲ ಭಾಗದಲ್ಲಿ ನಿಚಿಬೊ ಕಂಪನಿಯು ತನ್ನ ವಿವಿಧ ಗಿರಣಿಗಳ ಉತ್ತಮ ಆಟಗಾರ್ತಿಯರನ್ನು ಒಸಾಕಾ ಪ್ರಾಂತ್ಯದ ಕೈಜುಕಾ ಗಿರಣಿಯಲ್ಲಿ ಒಟ್ಟುಗೂಡಿಸಿ ಒಂದೇ ತಂಡ ಕಟ್ಟಲು ನಿರ್ಧರಿಸಿ, ಅದರ ಹೊಣೆಯನ್ನು ದೈಮತ್ಸು ಅವರಿಗೆ ವಹಿಸಿತು.

ಇಂದಿನ ತಂಡಗಳಲ್ಲಿ ಸಹಾಯಕ ತರಬೇತುದಾರರು, ವೈದ್ಯರು, ಅಂಕಿಅಂಶ ವಿಶ್ಲೇಷಕರು ಹಂಚಿಕೊಳ್ಳುವ ಕೆಲಸವನ್ನು ಅಲ್ಲಿ ಬಹುಮಟ್ಟಿಗೆ ದೈಮತ್ಸು ಒಬ್ಬರೇ ನಿರ್ವಹಿಸುತ್ತಿದ್ದರು. ಅವರಿಗೆ ನಿಜವಾದ ಬೆಂಬಲವಾಗಿ ನಿಂತವರು ತಂಡದ ನಾಯಕಿ ಮಸಾಯೆ ಕಸೈ. 1933ರಲ್ಲಿ ಜನಿಸಿದ ಕಸೈ ಅವರು ಕಿರಿಯ ಆಟಗಾರ್ತಿಯರಿಗೆ ಅಕ್ಕನಂತಿದ್ದು, ತರಬೇತುದಾರ ಮತ್ತು ತಂಡದ ನಡುವೆ ಸೇತುವೆಯಾಗಿದ್ದರು. ಎಡಗೈ ಆಟಗಾರ್ತಿ ಎಮಿಕೊ ಮಿಯಾಮೊಟೊ, ಕಿನುಕೊ ತನಿದಾ, ಯುರಿಕೊ ಹಂಡಾ, ಯೊಶಿಕೊ ಮತ್ಸುಮುರಾ ಮತ್ತು ಸಾತಾ ಇಸೊಬೆ ತಂಡದ ಇತರ ಪ್ರಮುಖರು.

ಆಟಗಾರ್ತಿಯರು ವೃತ್ತಿಪರರಾಗಿರಲಿಲ್ಲ. ಹಗಲು ಗಿರಣಿಯ ಕಚೇರಿಯಲ್ಲಿ ಕೆಲಸ ಮುಗಿಸಿ, ಸಂಜೆ ಅಂಕಣಕ್ಕಿಳಿದು ಮಧ್ಯರಾತ್ರಿಯವರೆಗೆ, ಕೆಲವೊಮ್ಮೆ ಅದನ್ನೂ ಮೀರಿ, ಅಭ್ಯಾಸ ನಡೆಸುತ್ತಿದ್ದರು. ದೈಮತ್ಸು ಕೂಡ ಕಂಪನಿಯ ಉದ್ಯೋಗಿಯಾಗಿಯೇ ಇದ್ದು, ಹಗಲಿನ ಕೆಲಸದ ನಂತರ ಅಭ್ಯಾಸಕ್ಕೆ ಬರುತ್ತಿದ್ದರು. ಅಭ್ಯಾಸದುದ್ದಕ್ಕೂ ನಿಂತು ಒಂದರ ಹಿಂದೊಂದರಂತೆ ಚೆಂಡುಗಳನ್ನು ತಾವೇ ಎಸೆಯುತ್ತಿದ್ದರು. ಗಾಯಗಳನ್ನು ಆಡುತ್ತಲೇ ವಾಸಿ ಮಾಡಿಕೊಳ್ಳಬೇಕೆಂಬುದು ಅವರ ನಿಲುವಾಗಿತ್ತು. ಮುಟ್ಟಿನ ದಿನಗಳಲ್ಲಿಯೂ ಅಭ್ಯಾಸದಿಂದ ವಿನಾಯಿತಿ ಇರಲಿಲ್ಲ.

ಉರುಳು ರಕ್ಷಣೆ

ದೈಮತ್ಸು ಅವರ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವ ತಂತ್ರವೆಂದರೆ ಉರುಳಿಕೊಂಡು ಚೆಂಡನ್ನು ತಡೆಯುವ ವಿಧಾನ. ಆಟಗಾರ್ತಿಯು ದೂರದ ಚೆಂಡಿಗಾಗಿ ನೆಲಕ್ಕೆ ಹಾರಿ, ಅದನ್ನು ಮೇಲೆತ್ತಿ, ಬಿದ್ದ ವೇಗವನ್ನೇ ಬಳಸಿಕೊಂಡು ಭುಜದ ಮೇಲೆ ಒಂದು ಸುತ್ತು ಉರುಳಿ, ಮರುಕ್ಷಣವೇ ಎದ್ದು ಮುಂದಿನ ಚೆಂಡಿಗೆ ಸಿದ್ಧಳಾಗುತ್ತಾಳೆ. ಕೆಡವಿದರೂ ತಾನಾಗಿಯೇ ಎದ್ದು ನಿಲ್ಲುವ ಬುಡಭಾರದ ಜಪಾನೀ ಬೊಂಬೆಯನ್ನು ಕಂಡು ಅವರಿಗೆ ಈ ಕಲ್ಪನೆ ಹೊಳೆಯಿತೆಂಬ ಕಥೆ ಪ್ರಚಲಿತವಾಗಿದೆ.

ಈ ತಂತ್ರದ ಹಿಂದೆ ಸ್ಪಷ್ಟವಾದ ಲೆಕ್ಕಾಚಾರವಿತ್ತು. ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನ ಆಟಗಾರ್ತಿಯರು ಎತ್ತರದಲ್ಲಿಯೂ ಹೊಡೆತದ ಬಲದಲ್ಲಿಯೂ ಜಪಾನೀಯರಿಗಿಂತ ಮೇಲಿದ್ದರು. ಬಲೆಯ ಮೇಲ್ಭಾಗದಲ್ಲಿ ಅವರನ್ನು ಎದುರಿಸುವುದು ಕಷ್ಟವಾಗಿತ್ತು. ಅಂದಿನ ನಿಯಮದಂತೆ ಸರ್ವ್ ಮಾಡುವ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು. ಎದುರಾಳಿಯ ಸರ್ವ್ ಇರುವಾಗ ಚೆಂಡನ್ನು ನೆಲಕ್ಕೆ ಬೀಳಗೊಡದೆ ಆ ಸರದಿಯನ್ನು ಗೆದ್ದರೆ ಅವರ ಅಂಕಗಳು ನಿಂತುಹೋಗುತ್ತಿದ್ದವು. ಹೀಗಾಗಿ ನೆಲದ ರಕ್ಷಣೆಯನ್ನು ಪರಿಪೂರ್ಣಗೊಳಿಸಿದ ತಂಡವು ಎತ್ತರದ ತಂಡವನ್ನು ದಣಿಸಿ ಸೋಲಿಸಬಲ್ಲದೆಂದು ದೈಮತ್ಸು ಅರಿತಿದ್ದರು. ಮೈ ತಾನಾಗಿಯೇ ಉರುಳಬೇಕಾದರೆ ಅದೇ ಚಲನೆಯನ್ನು ಅಸಂಖ್ಯ ಬಾರಿ ಮಾಡಬೇಕಿತ್ತು. ರಾತ್ರಿಯಿಡೀ ನಡೆಯುತ್ತಿದ್ದ ಅಭ್ಯಾಸದ ಬಹುಭಾಗ ಇದಕ್ಕೇ ಮೀಸಲಾಗಿತ್ತು. ಇದರೊಂದಿಗೆ, ಗಾಳಿಯಲ್ಲಿ ತೇಲಿ ಹಠಾತ್ತನೆ ಕೆಳಗಿಳಿಯುವ, ಉದುರುವ ಎಲೆಯ ಹೆಸರನ್ನು ಪಡೆದ ಸರ್ವ್ ಕೂಡ ತಂಡದ ಪ್ರಬಲ ಅಸ್ತ್ರವಾಯಿತು.

ಅಂತರರಾಷ್ಟ್ರೀಯ ಯಶಸ್ಸು

ಆ ಕಾಲದ ಜಪಾನಿನಲ್ಲಿ ತಲಾ ಒಂಬತ್ತು ಮಂದಿಯ ವಾಲಿಬಾಲ್ ರೂಢಿಯಲ್ಲಿತ್ತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡುತ್ತಿದ್ದುದು ಆರು ಮಂದಿಯ ಆಟ. ಒಂಬತ್ತು ಮಂದಿಯ ಆಟದಲ್ಲಿ ದೇಶದೊಳಗೆ ಅಗ್ರಸ್ಥಾನಕ್ಕೇರಿದ ನಂತರ ದೈಮತ್ಸು ತಮ್ಮ ತಂಡವನ್ನು ಆರು ಮಂದಿಯ ಆಟಕ್ಕೆ ಹೊರಳಿಸಿದರು. ಅಂಕಣದಲ್ಲಿ ಮೂವರು ಕಡಿಮೆಯಾದುದರಿಂದ ಪ್ರತಿಯೊಬ್ಬಳೂ ಕಾಯಬೇಕಾದ ನೆಲ ಹಿಗ್ಗಿತು. ಉರುಳು ರಕ್ಷಣೆಯ ಅಗತ್ಯವನ್ನು ಇದರ ಹಿನ್ನೆಲೆಯಲ್ಲಿಯೂ ಅರ್ಥಮಾಡಿಕೊಳ್ಳಬೇಕು.

1960ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನ್ ಮಹಿಳಾ ತಂಡವು ಸೋವಿಯತ್ ಒಕ್ಕೂಟದ ಹಿಂದೆ ಎರಡನೆಯ ಸ್ಥಾನ ಪಡೆಯಿತು. ಮರುವರ್ಷ ಯುರೋಪ್ ಪ್ರವಾಸ ಕೈಗೊಂಡ ನಿಚಿಬೊ ತಂಡವು 20ಕ್ಕೂ ಹೆಚ್ಚು ಪಂದ್ಯಗಳನ್ನು ಸತತವಾಗಿ ಗೆದ್ದಿತು. 'ಮಾಟಗಾತಿಯರು' ಎಂಬ ಹೆಸರು ಸೋವಿಯತ್ ಪತ್ರಿಕೆಗಳಿಂದ ಬಂದದ್ದು ಈ ಪ್ರವಾಸದಲ್ಲಿ. 1962ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನ್ ತಂಡವು ಸೋವಿಯತ್ ತಂಡವನ್ನು ಅದರ ನೆಲದಲ್ಲಿಯೇ ಮಣಿಸಿ ಪ್ರಶಸ್ತಿ ಗೆದ್ದಿತು. ಅದಕ್ಕೂ ಮೊದಲು ನಡೆದ ಮಹಿಳೆಯರ ಮೂರು ವಿಶ್ವ ಚಾಂಪಿಯನ್‌ಶಿಪ್‌ಗಳನ್ನೂ ಸೋವಿಯತ್ ಒಕ್ಕೂಟವೇ ಗೆದ್ದುಕೊಂಡಿತ್ತು.

ಈ ಗೆಲುವಿನೊಂದಿಗೆ ನಿವೃತ್ತರಾಗಬೇಕೆಂದು ದೈಮತ್ಸು ಮತ್ತು ಹಿರಿಯ ಆಟಗಾರ್ತಿಯರು ಬಯಸಿದ್ದರು. ಅಂದಿನ ಜಪಾನಿನಲ್ಲಿ ಇಪ್ಪತ್ತರ ಮಧ್ಯವಯಸ್ಸು ದಾಟಿದ ಅವಿವಾಹಿತೆಯ ಮೇಲೆ ಸಮಾಜದ ಒತ್ತಡ ಅಪಾರವಾಗಿತ್ತು. ಕಸೈ ಅವರಿಗೆ ಆಗಲೇ ಮೂವತ್ತು ಸಮೀಪಿಸಿತ್ತು. ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರ್ಪಡೆಯಾದುದರಿಂದ, ತಂಡ ಮುಂದುವರಿಯಬೇಕೆಂದು ದೇಶದ ಎಲ್ಲೆಡೆಯಿಂದ ಒತ್ತಾಯ ಬಂದಿತು. ಕೊನೆಗೆ ಅವರು ಇನ್ನೆರಡು ವರ್ಷ ಆಡಲು ಒಪ್ಪಿದರು. ದೈಮತ್ಸು ಅವರ ಜೀವನಕಥನಗಳು ಈ ನಿರ್ಧಾರವನ್ನು ಸಾಮಾನ್ಯವಾಗಿ ಅವರದೇ ಎಂಬಂತೆ ಬಣ್ಣಿಸುತ್ತವೆ. ಅದರಲ್ಲಿ ಹೆಚ್ಚು ಕಳೆದುಕೊಳ್ಳಬೇಕಾಗಿದ್ದವರು ಆಟಗಾರ್ತಿಯರು.

ಟೋಕಿಯೊ ಒಲಿಂಪಿಕ್ಸ್

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ತಂಡವಾಗಿ ಆಡುವ ಚೆಂಡಾಟವೊಂದು ದೊರೆತದ್ದು 1964ರಲ್ಲಿಯೇ ಮೊದಲು. ಸ್ಪರ್ಧೆಯಲ್ಲಿ ಆರು ತಂಡಗಳಿದ್ದವು. ಉತ್ತರ ಕೊರಿಯಾ ಕ್ರೀಡಾಕೂಟದಿಂದ ಹಿಂದೆ ಸರಿದ ಕಾರಣ ಆ ಸ್ಥಾನಕ್ಕೆ ದಕ್ಷಿಣ ಕೊರಿಯಾ ಬಂದಿತು. ಜಪಾನ್ ತಂಡದ ಬಹುತೇಕ ಆಟಗಾರ್ತಿಯರು ನಿಚಿಬೊ ಕೈಜುಕಾದವರೇ ಆಗಿದ್ದರು. ಇಡೀ ಸ್ಪರ್ಧೆಯಲ್ಲಿ ಜಪಾನ್ ಬಿಟ್ಟುಕೊಟ್ಟದ್ದು ಒಂದೇ ಸೆಟ್, ಅದು ಪೋಲೆಂಡ್ ವಿರುದ್ಧ.

ಚಿನ್ನದ ಪದಕವನ್ನು ನಿರ್ಧರಿಸಿದ ಸೋವಿಯತ್ ಒಕ್ಕೂಟದ ವಿರುದ್ಧದ ಪಂದ್ಯ ಅಕ್ಟೋಬರ್ 23ರಂದು ನಡೆಯಿತು. ಜಪಾನ್ ತನ್ನದೇ ಕ್ರೀಡೆಯೆಂದು ಭಾವಿಸಿದ್ದ ಜೂಡೋದ ಮುಕ್ತ ತೂಕ ವಿಭಾಗದಲ್ಲಿ ಅಕಿಯೊ ಕಮಿನಾಗಾ ಅವರು ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಅವರಿಗೆ ಸೋತದ್ದೂ ಅದೇ ದಿನ. ವಾಲಿಬಾಲ್ ಪಂದ್ಯವನ್ನು ಜಪಾನ್ 15-11, 15-8, 15-13ರಿಂದ ಗೆದ್ದಿತು. ಮೂರನೆಯ ಸೆಟ್‌ನಲ್ಲಿ ಗೆಲುವಿಗೆ ಒಂದೇ ಅಂಕ ಉಳಿದಿದ್ದಾಗ ಸೋವಿಯತ್ ತಂಡ ಮತ್ತೆ ಮತ್ತೆ ಸರ್ವ್ ಕಸಿದುಕೊಂಡು 13 ಅಂಕಗಳವರೆಗೆ ಬೆನ್ನಟ್ಟಿ ಬಂದಿತು. ಕೊನೆಯ ಅಂಕ ಬಂದದ್ದು ಹೊಡೆತದಿಂದಲ್ಲ; ಸೋವಿಯತ್ ಆಟಗಾರ್ತಿಯ ಕೈ ಬಲೆಯನ್ನು ದಾಟಿದ ತಪ್ಪಿನಿಂದ. ಆಟಗಾರ್ತಿಯರು ಅಂಕಣದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದಲ್ಲಿ ಈ ಪಂದ್ಯದ ದೂರದರ್ಶನ ಪ್ರಸಾರದ ವೀಕ್ಷಣಾ ಪ್ರಮಾಣ ಶೇ. 66.8 ಎಂದು ದಾಖಲಾಯಿತು. ಜಪಾನಿನ ಕ್ರೀಡಾ ಪ್ರಸಾರಗಳಲ್ಲಿ ಇದು ದಾಖಲೆಯಾಗಿ ಉಳಿದಿದೆ.

ವಿಧಾನದ ಕುರಿತ ಚರ್ಚೆ

1963ರಲ್ಲಿ ಪ್ರಕಟವಾದ ದೈಮತ್ಸು ಅವರ ಪುಸ್ತಕದ ಶೀರ್ಷಿಕೆಗೆ 'ನನ್ನ ಹಿಂದೆ ಬನ್ನಿ' ಎಂಬ ಅರ್ಥವಿದೆ. ಅದು ಅಪಾರವಾಗಿ ಮಾರಾಟವಾಗಿ, 1965ರಲ್ಲಿ ಚಲನಚಿತ್ರವೂ ಆಯಿತು. ವೇಗವಾಗಿ ಬೆಳೆಯುತ್ತಿದ್ದ ಉದ್ಯಮಗಳ ವ್ಯವಸ್ಥಾಪಕರು ಕ್ರೀಡಾಭಿಮಾನಿಗಳಷ್ಟೇ ಆಸಕ್ತಿಯಿಂದ ಆ ಪುಸ್ತಕವನ್ನು ಓದಿದರು. ದುಡಿಮೆಯ ನಂತರವೂ ದುಡಿಯುವ ಗಿರಣಿಯ ಹೆಣ್ಣುಮಕ್ಕಳ ಚಿತ್ರ ಅಂದಿನ ಆರ್ಥಿಕ ಉತ್ಸಾಹಕ್ಕೆ ಚೆನ್ನಾಗಿ ಒಗ್ಗಿತು. ತಂಡದ ತರಬೇತಿಯನ್ನು ಕುರಿತು ನೊಬುಕೊ ಶಿಬುಯಾ ನಿರ್ದೇಶಿಸಿದ ಸಾಕ್ಷ್ಯಚಿತ್ರವು 1964ರ ಕಾನ್ ಚಲನಚಿತ್ರೋತ್ಸವದಲ್ಲಿ ಕಿರುಚಿತ್ರಗಳ ಅತ್ಯುನ್ನತ ಪ್ರಶಸ್ತಿ ಪಡೆಯಿತು. ನೆಲಕ್ಕೆ ಬಿದ್ದ ಆಟಗಾರ್ತಿಯತ್ತ ಮತ್ತೆ ಮತ್ತೆ ಚೆಂಡೆಸೆಯುವ ದೃಶ್ಯಗಳನ್ನು ಕಂಡ ವಿದೇಶಿ ವೀಕ್ಷಕರಲ್ಲಿ ಹಲವರಿಗೆ ಅದು ಕ್ರೌರ್ಯವಾಗಿ ತೋರಿತು.

ಆಟಗಾರ್ತಿಯರ ನೆನಪುಗಳು ಈ ಚಿತ್ರವನ್ನು ಸಂಕೀರ್ಣಗೊಳಿಸುತ್ತವೆ. ತಾವು ಬಲವಂತಕ್ಕೆ ಸಿಲುಕಿದವರಲ್ಲ, ಗೆಲ್ಲಬೇಕೆಂಬ ಹಂಬಲದಿಂದ ಸ್ವಇಚ್ಛೆಯಿಂದ ಆಡಿದವರೆಂದು ಅವರಲ್ಲಿ ಹಲವರು ನಂತರದ ವರ್ಷಗಳಲ್ಲಿ ಹೇಳಿಕೊಂಡಿದ್ದಾರೆ. ಅದೇ ವೇಳೆ, ಫಲಿತಾಂಶವನ್ನಷ್ಟೇ ನೋಡಿ ಅವರ ವಿಧಾನದ ಗದರಿಕೆ ಮತ್ತು ದಣಿವನ್ನು ಅನುಕರಿಸಿದ ತರಬೇತುದಾರರು ಜಪಾನಿನ ಶಾಲಾ ಕ್ರೀಡೆಯಲ್ಲಿ ಬೇಕಾದಷ್ಟು ಮಂದಿ ಹುಟ್ಟಿಕೊಂಡರು. ಅವರ ಕೈಕೆಳಗಿನ ಮಕ್ಕಳಿಗೆ ಒಪ್ಪುವ ಅಥವಾ ನಿರಾಕರಿಸುವ ಅವಕಾಶ ಎಷ್ಟಿತ್ತು ಎಂಬುದು ಬೇರೆಯೇ ಪ್ರಶ್ನೆ.

ನಂತರದ ಜೀವನ

ಒಲಿಂಪಿಕ್ಸ್ ನಂತರ ದೈಮತ್ಸು ತಂಡದ ಹೊಣೆಯಿಂದ ನಿವೃತ್ತರಾದರು. ಕಸೈ ಅವರೂ ಆಟದಿಂದ ನಿವೃತ್ತರಾಗಿ, ಪ್ರಧಾನಿ ಐಸಾಕು ಸಾತೊ ಅವರ ಮಧ್ಯಸ್ಥಿಕೆಯಲ್ಲಿ 1965ರಲ್ಲಿ ವಿವಾಹವಾದರು. ಅದೇ ವರ್ಷ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರ ಆಹ್ವಾನದ ಮೇರೆಗೆ ದೈಮತ್ಸು ಚೀನಾಕ್ಕೆ ತೆರಳಿ, ಸುಮಾರು ಒಂದು ತಿಂಗಳು ಅಲ್ಲಿನ ಆಟಗಾರ್ತಿಯರಿಗೆ ತರಬೇತಿ ನೀಡಿದರು. ಜಪಾನ್ ಮತ್ತು ಚೀನಾದ ನಡುವೆ ಆಗಿನ್ನೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಹಿಂದೆ ಜಪಾನ್ ಸೇನೆಯ ಸೈನಿಕನಾಗಿದ್ದವರೊಬ್ಬರನ್ನು ಚೀನಾ ಹೀಗೆ ಬರಮಾಡಿಕೊಂಡದ್ದು ಗಮನಾರ್ಹ.

1968ರಲ್ಲಿ ಅವರು ಲಿಬರಲ್ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಜಪಾನ್ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು. 1974ರ ಚುನಾವಣೆಯಲ್ಲಿ ಸೋತರು. ಬಳಿಕ ಗೃಹಿಣಿಯರ ವಾಲಿಬಾಲ್ ತಂಡಗಳಿಗೆ ಮಾರ್ಗದರ್ಶನ ನೀಡುತ್ತ ದೇಶದ ಹಲವೆಡೆ ಸಂಚರಿಸಿದರು. ಈ ಗೃಹಿಣಿಯರು ಆಡುತ್ತಿದ್ದುದು ಹಳೆಯ ಒಂಬತ್ತು ಮಂದಿಯ ಆಟವನ್ನೇ. 1978ರ ನವೆಂಬರ್ 24ರಂದು ಒಕಯಾಮಾ ಪ್ರಾಂತ್ಯದ ಇಬಾರಾದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 57 ವರ್ಷ ವಯಸ್ಸಾಗಿತ್ತು.

ಪರಂಪರೆ

ದೈಮತ್ಸು ಅವರ ಕಾಲದಲ್ಲಿ, 1959ರಲ್ಲಿ ಆರಂಭವಾದ ನಿಚಿಬೊ ಕೈಜುಕಾ ತಂಡದ ಸತತ ಗೆಲುವಿನ ಸರಣಿಯು ಅವರ ಉತ್ತರಾಧಿಕಾರಿ ತಕಾಜಿ ಕೊಜಿಮಾ ಅವರ ಕಾಲದಲ್ಲಿಯೂ ಮುಂದುವರಿದು, 258 ಪಂದ್ಯಗಳ ನಂತರ 1966ರಲ್ಲಿ ಕೊನೆಗೊಂಡಿತು. 1968ರಲ್ಲಿ ಆರಂಭವಾದ 'ಅಟ್ಯಾಕ್ ನಂಬರ್ ಒನ್' ಮೊದಲಾದ ಚಿತ್ರಕಥಾ ಮಾಲಿಕೆಗಳು ವಾಲಿಬಾಲನ್ನು ಶಾಲಾ ಬಾಲಕಿಯರ ಅಚ್ಚುಮೆಚ್ಚಿನ ಆಟವನ್ನಾಗಿ ಮಾಡಿದವು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಶಿಗೆಒ ಯಮಾದಾ ಅವರ ತರಬೇತಿಯಲ್ಲಿ ಜಪಾನ್ ಮಹಿಳೆಯರು ಮತ್ತೆ ಚಿನ್ನ ಗೆದ್ದರು.

2000ದಲ್ಲಿ ದೈಮತ್ಸು ಅವರ ಹೆಸರನ್ನು ಅಮೆರಿಕದ ಹೋಲಿಯೋಕ್‌ನಲ್ಲಿರುವ ವಾಲಿಬಾಲ್ ಕೀರ್ತಿಭವನಕ್ಕೆ ಸೇರಿಸಲಾಯಿತು. ನಿಚಿಬೊ ಕಂಪನಿಯು 1969ರಲ್ಲಿ ವಿಲೀನಗೊಂಡು ಯುನಿಟಿಕಾ ಆಯಿತು. ಯುನಿಟಿಕಾದ ವಾಲಿಬಾಲ್ ತಂಡವು 2000ದಲ್ಲಿ ಟೊರೆ ಕಂಪನಿಗೆ ವರ್ಗಾವಣೆಯಾಯಿತು. ಉಳಿದಿದ್ದ ಆಟಗಾರ್ತಿಯರನ್ನು ಅವರ ಇಳಿವಯಸ್ಸಿನಲ್ಲಿ ಸಂದರ್ಶಿಸಿ ಫ್ರೆಂಚ್ ನಿರ್ದೇಶಕ ಜೂಲಿಯನ್ ಫರೋ ನಿರ್ಮಿಸಿದ ಸಾಕ್ಷ್ಯಚಿತ್ರ 2021ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ತಂಡದ ಕಥೆಯನ್ನು ಹೇಳುವವರು ಆಟಗಾರ್ತಿಯರೇ.