ಬರಡು ನೆಲದಲ್ಲಿ ಊರು ಕಟ್ಟಿದ ತಂದೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಧುಪದಾಳದವರಾದ ನಮಗೆಲ್ಲ ಘಟಪ್ರಭಾ ರೈಲು ನಿಲ್ದಾಣವು ಚಿರಪರಿಚಿತ. ಅಲ್ಲಿಂದ ಉತ್ತರಾಭಿಮುಖವಾಗಿ ಹೊರಟ ಹಳಿಯು ಮಿರಜವನ್ನು ಸೇರಿ ಪುಣೆಯ ಕಡೆಗೆ ಮುಂದುವರಿಯುವಾಗ, ಹಾದಿಯಲ್ಲಿ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಸಿಗುತ್ತದೆ. ಒಂದು ಕಾಲಕ್ಕೆ ಅದರ ಹೆಸರು ಕುಂಡಲ ರೋಡ್. ಆ ಹೆಸರು ಬದಲಾಗಲು ಕಾರಣರಾದವರು ನಮ್ಮ ಬೆಳಗಾವಿ ಜಿಲ್ಲೆಯ ಮಣ್ಣಿನಲ್ಲಿಯೇ ಹುಟ್ಟಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು. ಭೂಮಿಯನ್ನು ಪಡೆದು ವಸತಿ ನಿರ್ಮಿಸುವವರು ಅನೇಕರಿದ್ದಾರೆ. ಆದರೆ ತಾನು ಕಟ್ಟಿದ ಊರಿಗೂ ತನ್ನ ಮಕ್ಕಳಿಗೂ ಸಮಾನವಾಗಿ ತಂದೆಯಾದವರು ವಿರಳ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತವೆನಿಸಿತು.

ಲಕ್ಷ್ಮಣರಾವ್ ಅವರು 1869ರ ಜೂನ್ 20ರಂದು ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ರಂಗಭೂಮಿಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರ ಜನ್ಮಸ್ಥಳವೂ ಇದೇ. ತಂದೆ ಕಾಶೀನಾಥಪಂತರು ವೇದಾಂತ ಪಂಡಿತರು. ಮಗನೂ ಅದೇ ಮಾರ್ಗವನ್ನು ಹಿಡಿಯಲೆಂಬುದು ಅವರ ಆಶೆ. ಆದರೆ ಬಾಲಕನ ಒಲವು ಚಿತ್ರಕಲೆಯ ಕಡೆಗೆ, ಯಂತ್ರಗಳ ಕಡೆಗೆ. ಹಿರಿಯ ಅಣ್ಣ ರಾಮುಅಣ್ಣನವರ ಧನಸಹಾಯದಿಂದ 1885ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಬಣ್ಣಗಳ ಭೇದವನ್ನು ಪೂರ್ಣವಾಗಿ ಗುರುತಿಸಲಾಗದ ದೃಷ್ಟಿದೋಷವು ಬಹುಬೇಗ ಆ ಮಾರ್ಗವನ್ನು ಮುಚ್ಚಿತು. ಅವರು ಎದೆಗುಂದಲಿಲ್ಲ. ಯಂತ್ರಗಳ ರೇಖಾಚಿತ್ರವನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಮುಂದೆ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಮತ್ತೊಬ್ಬರ ಪಾಲಾದಾಗ, ಆ ಉದ್ಯೋಗವನ್ನೇ ತ್ಯಜಿಸಿ ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರು 1888ರಲ್ಲಿಯೇ ಸೈಕಲ್ ಅಂಗಡಿಯೊಂದನ್ನು ಆರಂಭಿಸಿದ್ದರು. ಕ್ರಮೇಣ ಅಲ್ಲಿ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ತಯಾರಾದವು. ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದ ಕಾಲವದು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಮತ್ತೊಂದು ಆಘಾತ ಒದಗಿತು. ಬಡಾವಣೆಯ ವಿಸ್ತರಣೆಗೆ ಸ್ಥಳ ಬೇಕೆಂದು ಪುರಸಭೆಯು ಅವರ ಕಾರ್ಖಾನೆಯನ್ನು ತೆರವುಗೊಳಿಸಲು ಆಜ್ಞಾಪಿಸಿತು. ನಾಲ್ವತ್ತು ದಾಟಿದ ಗೃಹಸ್ಥರು, ಹೆಂಡತಿ ರಾಧಾಬಾಯಿ ಮತ್ತು ಎಳೆಯ ಮಕ್ಕಳೊಡನೆ, ನೆಲೆಯಿಲ್ಲದವರಾದರು.

ಆ ಸಂಕಟದಲ್ಲಿ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ನೆರವಾದರು. ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಒದಗಿಸಿದರು. ಭೂಮಿಯ ತುಂಬ ಪಾಪಾಸುಕಳ್ಳಿ. ಅದರ ಬುಡದಲ್ಲಿ ನಾಗರಹಾವುಗಳು. 1910ರಲ್ಲಿ 25 ಮಂದಿ ಕೆಲಸಗಾರರು ತಮ್ಮ ಕುಟುಂಬಗಳನ್ನು ಕರೆದುಕೊಂಡು ಲಕ್ಷ್ಮಣರಾವ್ ಅವರೊಡನೆ ಅಲ್ಲಿಗೆ ನಡೆದರು. ಅಲ್ಲಿ ಅವರ ಭರವಸೆಗಿದ್ದ ಆಧಾರ ಒಬ್ಬ ಮನುಷ್ಯನ ಮಾತು ಮಾತ್ರ.

ಆ ಮಾತು ಹುಸಿಯಾಗಲಿಲ್ಲ. ಕಳ್ಳಿಯನ್ನು ಕಡಿದು ಕಾರ್ಖಾನೆಯನ್ನು ಎತ್ತುವುದರೊಂದಿಗೆ ವಸತಿಯೂ ಮೇಲೆದ್ದಿತು. ಊರಿನ ಯೋಜನೆಯನ್ನೂ ಆಡಳಿತವನ್ನೂ ರಾಮುಅಣ್ಣನವರು ವಹಿಸಿಕೊಂಡರು. ಗೋಕಾಕ ಫಾಲ್ಸಿನ ಗಿರಣಿಯನ್ನು ಬಲ್ಲ ನಮಗೆ, ಒಂದು ಉದ್ಯಮದ ಸುತ್ತ ಊರು ಬೆಳೆಯುವ ರೀತಿ ಹೊಸದಲ್ಲ. ಆದರೆ ಕಿರ್ಲೋಸ್ಕರವಾಡಿಯಲ್ಲಿ ಅದಕ್ಕೊಂದು ನಿಯಮವಿತ್ತು: ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ದರೋಡೆಗಾಗಿ ಶಿಕ್ಷೆ ಅನುಭವಿಸಿದವರನ್ನೇ ಲಕ್ಷ್ಮಣರಾವ್ ಅವರು ರಾತ್ರಿಯ ಕಾವಲಿಗೆ ನೇಮಿಸಿದರು. ಅವರು ವಿಶ್ವಾಸಕ್ಕೆ ಪಾತ್ರರಾದ ರಕ್ಷಕರಾದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವರೊಬ್ಬರು ಅಲ್ಲಿ ಕುಶಲ ಯಂತ್ರಶಿಲ್ಪಿಯಾಗಿ ಬೆಳೆದರು. ಬಿದ್ದವನಿಗೂ ಮತ್ತೊಂದು ಅವಕಾಶವುಂಟೆಂಬ ಸತ್ಯವನ್ನು ಅವರು ಉಪದೇಶಿಸದೆ ನಡೆಸಿ ತೋರಿಸಿದರು.

ಇನ್ನು ತಂದೆಯಾಗಿ ಅವರ ನಡತೆ. ಹಿರಿಯರ ಇಚ್ಛೆಗೂ ತನ್ನ ಒಲವಿಗೂ ನಡುವಣ ತೊಡಕನ್ನು ಅವರು ಎಳೆವಯಸ್ಸಿನಲ್ಲಿಯೇ ಅನುಭವಿಸಿದ್ದರು; ಅಣ್ಣನೊಬ್ಬನು ಕೈಹಿಡಿದುದರಿಂದ ವಿದ್ಯೆ ಕೂಡಿಬಂದಿತ್ತು. ಆ ಋಣವನ್ನು ಮುಂದಿನ ಪೀಳಿಗೆಗೆ ತೀರಿಸಿದರೆನ್ನಬೇಕು. ಸೋದರನ ಮಗ ಶಂಕರರಾವ್ ಅವರು ಅದೇ ವಾಡಿಯಿಂದ 1920ರಲ್ಲಿ ‘ಕಿರ್ಲೋಸ್ಕರ್’ ಎಂಬ ಮರಾಠಿ ಮಾಸಪತ್ರಿಕೆಯನ್ನೂ 1930ರಲ್ಲಿ ‘ಸ್ತ್ರೀ’ ಪತ್ರಿಕೆಯನ್ನೂ ಹೊರತಂದರು. 1903ರಲ್ಲಿ ಜನಿಸಿದ ಮಗ ಶಂತನುರಾವ್ ಅವರನ್ನು ದೂರದ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಕಳುಹಿಸಿದರು. ಕಿರ್ಲೋಸ್ಕರ್ ಬ್ರದರ್ಸ್ ನಿಯಮಿತ ಕಂಪನಿಯಾದದ್ದು 1920ರಲ್ಲಿ. ಉದ್ಯಮವಿನ್ನೂ ಎಳೆಯದು, ಮನೆಗೆ ಕೈಗಳು ಬೇಕಾಗಿದ್ದ ಸಮಯ. ಆದರೂ ಮಗನ ವಿದ್ಯೆ ಮೊದಲು, ಮಗನಿಂದಾಗುವ ಪ್ರಯೋಜನ ಅನಂತರ ಎಂಬುದೇ ಆ ತಂದೆಯ ನಿರ್ಣಯವಾಯಿತು. 1926ರಲ್ಲಿ ಪದವೀಧರರಾದ ಮಗ ತಂದೆಯ ಕಾರ್ಖಾನೆಗೇ ಮರಳಿದರು.

ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪನೆಗೊಂಡು ಯಂತ್ರೋಪಕರಣಗಳ ತಯಾರಿಕೆಯಲ್ಲಿ ಹೆಸರು ಗಳಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ರವೀಂದ್ರರು ವಿದ್ಯುತ್ ಯಂತ್ರಗಳ ಕಾರ್ಖಾನೆಯನ್ನೂ ಪುಣೆಯಲ್ಲಿ ಶಂತನುರಾವ್ ಅವರು ತೈಲ ಎಂಜಿನ್ನುಗಳ ಕಾರ್ಖಾನೆಯನ್ನೂ ಆರಂಭಿಸಿದರು. ಮಕ್ಕಳನ್ನು ತನ್ನ ನೆರಳಿನಲ್ಲಿಯೇ ಕಟ್ಟಿಹಾಕದೆ, ಅವರವರ ಹೊಲವನ್ನು ಅವರೇ ಉಳುವಂತೆ ಬಿಡುವುದು ಪ್ರೀತಿಯ ಕಠಿಣವಾದ ಭಾಗ. ಅನೇಕ ತಂದೆಯರು ಅಲ್ಲಿಯೇ ಎಡವುತ್ತಾರೆ.

ಲಕ್ಷ್ಮಣರಾವ್ ಅವರು 1956ರ ಸೆಪ್ಟೆಂಬರ್ 26ರಂದು, ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮಶತಾಬ್ದಿಯ ದಿನವಾದ 1969ರ ಜೂನ್ 20ರಂದು ಭಾರತ ಸರ್ಕಾರವು ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಪ್ರಕಟಿಸಿ ಗೌರವಿಸಿತು. ಕಾಲಾಂತರದಲ್ಲಿ ಮಗ ಶಂತನುರಾವ್ ಅವರು ತಮ್ಮ ಆತ್ಮಕಥೆಗೆ ಕಳ್ಳಿ ಮತ್ತು ಗುಲಾಬಿಗಳ ಹೆಸರನ್ನೇ ಇಟ್ಟರು. ಬಾಲ್ಯದಲ್ಲಿ ಕಂಡ ಆ ಕಳ್ಳಿಯ ನೆಲವನ್ನು ಅವರು ಮರೆಯಲಿಲ್ಲ.

ಮಕ್ಕಳಿಗಾಗಿ ಒಂದು ತುಂಡು ಭೂಮಿಯನ್ನಾದರೂ ಮಾಡಿಡಬೇಕೆಂದು ಇಂದು ನಮ್ಮಲ್ಲಿ ಪ್ರತಿಯೊಬ್ಬ ತಂದೆಯೂ ಹಂಬಲಿಸುತ್ತಾನೆ. ಹಂಬಲ ತಪ್ಪಲ್ಲ. ಆದರೆ ಪತ್ರದಲ್ಲಿ ಬರೆದುಕೊಟ್ಟ ಭೂಮಿಯು ಹಂಚಿಕೆಯಾಗಿ ಕರಗಬಹುದು. ಕೆಲವೊಮ್ಮೆ ಒಡಹುಟ್ಟಿದವರ ನಡುವೆ ಗೋಡೆಯಾಗಿಯೂ ನಿಲ್ಲಬಹುದು. ಗುರ್ಲಹೊಸೂರಿನ ಈ ಮಗನು ನೆಲದೊಂದಿಗೆ ವಿದ್ಯೆಯನ್ನು, ದುಡಿಮೆಯ ಅಭಿಮಾನವನ್ನು, ನೆರೆಯವನ ಮೇಲಿನ ನಂಬಿಕೆಯನ್ನು ಬಿಟ್ಟುಹೋದನು. ನಮ್ಮ ಮನೆಗಳಲ್ಲಿಯೂ ಆ ಬಗೆಯ ಆಸ್ತಿಯು ಬೆಳೆಯಲೆಂದು ಹಾರೈಸುತ್ತೇನೆ.